ಅಮಾನತಾದ ಲೈಸೆನ್ಸು ಮತ್ತು ಕಾರು ವಿಮೆ: ಅಮೆರಿಕದ ನೂರು ವರ್ಷಗಳ ನಂಟು

ಅಮೆರಿಕದಲ್ಲಿ ಕುಡಿದು ಕಾರು ಓಡಿಸಿದ್ದಕ್ಕೋ ವಿಮೆ ಇಲ್ಲದೆ ಅಪಘಾತ ಮಾಡಿದ್ದಕ್ಕೋ ಲೈಸೆನ್ಸು ಅಮಾನತಾದರೆ, ಅಮಾನತಿನ ಅವಧಿ ಮುಗಿದ ಮಾತ್ರಕ್ಕೆ ಅದು ಕೈಗೆ ಮರಳುವುದಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಆ ಚಾಲಕನ ಪರವಾಗಿ ಒಂದು ವಿಮಾ ಕಂಪನಿ ಮೋಟಾರು ವಾಹನ ಇಲಾಖೆಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ಹೆಸರು ಎಸ್‌ಆರ್-22. ಈ ವ್ಯಕ್ತಿಗೆ ಕಾನೂನು ಕೇಳುವಷ್ಟು ವಿಮೆ ಇದೆ, ಅದು ನಿಂತರೆ ತಿಳಿಸುತ್ತೇವೆ ಎಂದು ಕಂಪನಿ ಸರ್ಕಾರಕ್ಕೆ ಬರೆದುಕೊಡುವ ಕಾಗದ ಅದು. ಸರ್ಕಾರ ಕೊಡುವ ಲೈಸೆನ್ಸಿಗೂ ಖಾಸಗಿ ಕಂಪನಿ ಮಾರುವ ಪಾಲಿಸಿಗೂ ಹೀಗೆ ಗಂಟು ಬಿದ್ದದ್ದು 1920ರ ದಶಕದಲ್ಲಿ. ಅಪಘಾತದಲ್ಲಿ ನೊಂದವರಿಗೆ ಪರಿಹಾರ ದಕ್ಕಲೆಂದು ಹಾಕಿದ ಗಂಟು ಅದು. ಮುಂದಿನ ದಶಕಗಳಲ್ಲಿ ಅದೇ ಗಂಟು ಬಡ ಚಾಲಕರ ಕೊರಳನ್ನೂ ಬಿಗಿಯಿತು. ಕಂಪನಿಗಳಿಗೆ ಬೇಡವಾದ ಚಾಲಕನ ಹೊರೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಈ ಇತಿಹಾಸದ ಉದ್ದಕ್ಕೂ ಕಾಡಿದೆ.

ಕಾರು ವಿಮೆ ಲೈಸೆನ್ಸಿಗಿಂತ ಹಳೆಯದು. 1898ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಟ್ರಾವೆಲರ್ಸ್ ಕಂಪನಿ ಬಫಲೋ ನಗರದ ವೈದ್ಯ ಟ್ರೂಮನ್ ಮಾರ್ಟಿನ್ ಅವರಿಗೆ 5,000 ಡಾಲರ್ ಹೊಣೆಯ ಪಾಲಿಸಿ ಮಾರಿತ್ತು. ಆಗ ಬೀದಿ ತುಂಬ ಕುದುರೆ ಗಾಡಿಗಳು. ಮೊದಮೊದಲ ಕಾರು ಪಾಲಿಸಿಗಳೂ ಕುದುರೆ ಗಾಡಿಯ ವಿಮೆಯ ನಮೂನೆಯನ್ನೇ ತಿದ್ದಿ ಬರೆದಂಥವು. ಚಾಲಕನಿಗೆ ಲೈಸೆನ್ಸು ಬೇಕೆಂದು ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ ರಾಜ್ಯಗಳು ಹೇಳಿದ್ದು 1903ರಲ್ಲಿ. ಆಮೇಲೂ ಬಹುಕಾಲ ಅನೇಕ ರಾಜ್ಯಗಳಲ್ಲಿ ಲೈಸೆನ್ಸೆಂದರೆ ಶುಲ್ಕ ಕಟ್ಟಿ ಪಡೆಯುವ ಚೀಟಿಯಷ್ಟೇ ಆಗಿತ್ತು, ಪರೀಕ್ಷೆಯ ಗೊಡವೆಯೇ ಇರಲಿಲ್ಲ. ವಿಮೆಯಂತೂ ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯ. ಎರಡರ ನಡುವೆ ಯಾವ ಸಂಬಂಧವೂ ಇಲ್ಲದೆ ಕಾಲು ಶತಮಾನ ಕಳೆಯಿತು.

ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ರೈತನ ಕೈಗೂ ಕಾರ್ಮಿಕನ ಕೈಗೂ ಎಟುಕಿದ ಮೇಲೆ ರಸ್ತೆಯ ಲೆಕ್ಕವೇ ಬದಲಾಯಿತು. 1920ರ ದಶಕದ ನಡುವಿಗೆ ಅಮೆರಿಕದ ರಸ್ತೆಗಳಲ್ಲಿ ವರ್ಷಕ್ಕೆ 20,000ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಕಂತಿನಲ್ಲಿ ಕಾರು ಕೊಂಡವನಿಗೆ ಬೇರೆ ಆಸ್ತಿ ಇರುತ್ತಿದ್ದುದು ಅಪರೂಪ. ಅವನ ಕಾರಿಗೆ ಸಿಕ್ಕಿ ಕಾಲು ಕಳೆದುಕೊಂಡವರು ಕೋರ್ಟಿಗೆ ಹೋಗಿ ಗೆದ್ದರೂ ಕೈಗೆ ಬರುತ್ತಿದ್ದುದು ಡಿಕ್ರಿಯ ಹಾಳೆ ಮಾತ್ರ. ವಸೂಲಿ ಮಾಡಲು ಎದುರಾಳಿಯ ಬಳಿ ಏನೂ ಇರುತ್ತಿರಲಿಲ್ಲ. ಆಸ್ಪತ್ರೆಯ ಬಿಲ್ಲು ಗಾಯಾಳುವಿನ ಮನೆಯವರ ತಲೆಗೇ ಬರುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದ ಎರಡು ನೆರೆರಾಜ್ಯಗಳು ಬೇರೆಬೇರೆ ದಾರಿ ಹಿಡಿದವು. ಮ್ಯಾಸಚೂಸೆಟ್ಸ್ 1925ರಲ್ಲಿ ಕಾನೂನು ಮಾಡಿ, 1927ರ ಜನವರಿ 1ರಿಂದ ವಿಮೆ ಇಲ್ಲದ ಕಾರಿಗೆ ನೋಂದಣಿಯೇ ಇಲ್ಲ ಎಂದಿತು. ದೇಶದಲ್ಲಿ ಎಲ್ಲ ಮಾಲೀಕರಿಗೂ ವಿಮೆ ಕಡ್ಡಾಯವಾದದ್ದು ಅಲ್ಲೇ ಮೊದಲು. ಕನೆಕ್ಟಿಕಟ್ ಅದೇ 1925ರಲ್ಲಿ ಇನ್ನೊಂದು ಬಗೆಯ ಕಾನೂನು ತಂದು, 1926ರ ಆರಂಭದಿಂದ ಜಾರಿಗೆ ತಂದಿತು. ಅದು ಎಲ್ಲರನ್ನೂ ಕೇಳಲಿಲ್ಲ. ಸಾವು, ಗಾಯ ಅಥವಾ ದೊಡ್ಡ ನಷ್ಟ ಉಂಟುಮಾಡಿದ ಅಪಘಾತದಲ್ಲಿ ಸಿಕ್ಕಿಕೊಂಡವರು, ಗಂಭೀರ ಸಂಚಾರ ಅಪರಾಧದಲ್ಲಿ ಶಿಕ್ಷೆಯಾದವರು ಮಾತ್ರ, ಮುಂದೆ ಅಪಘಾತವಾದರೆ ಪರಿಹಾರ ಕೊಡುವ ಶಕ್ತಿ ತಮಗಿದೆ ಎಂದು ತೋರಿಸಬೇಕಿತ್ತು. ತೋರಿಸುವ ಬಗೆ ಹಲವಿದ್ದವು: ವಿಮೆ ಮಾಡಿಸಬಹುದು, ಬಾಂಡ್ ಕೊಡಬಹುದು, ಇಲ್ಲವೇ ಹಣ ಠೇವಣಿ ಇಡಬಹುದು. ಈ ಬಗೆಯ ಕಾನೂನಿಗೆ ಆರ್ಥಿಕ ಹೊಣೆಗಾರಿಕೆ ಕಾನೂನು ಎಂಬ ಹೆಸರು ನಿಂತಿತು. ಇಂದಿನ ಎಸ್‌ಆರ್-22ರ ಮೂಲಪುರುಷ ಇದೇ.

ವಿಮಾ ಕಂಪನಿಗಳ ಒಲವು ಇದ್ದದ್ದು ಕನೆಕ್ಟಿಕಟ್ ದಾರಿಯ ಕಡೆಗೆ. ವಿಮೆ ಕಡ್ಡಾಯವಾದರೆ ಪ್ರೀಮಿಯಂ ನಿಗದಿಯೂ ಸರ್ಕಾರದ ಕೈಗೆ ಹೋಗುತ್ತದೆ, ಬೇಡವೆನಿಸಿದ ಗಿರಾಕಿಯನ್ನು ನಿರಾಕರಿಸುವ ಹಕ್ಕೂ ತಪ್ಪುತ್ತದೆ ಎಂಬ ಭಯ ಅವುಗಳಿಗಿತ್ತು. ಆ ಭಯ ಹುಸಿಯಾಗಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯದ ವಿಮಾ ಆಯುಕ್ತರೇ ದರ ಗೊತ್ತುಮಾಡುವಂತಾಗಿ, ಅದು ಚುನಾವಣೆಯ ಮಾತಾಗಿಯೂ ಬೆಳೆಯಿತು. ಹಾಗಾಗಿ ಸುಮಾರು 30 ವರ್ಷ ಬೇರೆ ಯಾವ ರಾಜ್ಯವೂ ಮ್ಯಾಸಚೂಸೆಟ್ಸ್‌ನ ಹಾದಿ ತುಳಿಯಲಿಲ್ಲ. ಕನೆಕ್ಟಿಕಟ್ ಮಾದರಿಯೇ ದೇಶದ ತುಂಬ ಹರಡಿತು.

ಆದರೆ ಆ ಮಾದರಿಯಲ್ಲಿ ಎದ್ದು ಕಾಣುವ ಕೊರತೆ ಇತ್ತು. ಮೊದಲ ಅಪಘಾತದ ನಂತರವಷ್ಟೇ ಅದು ವಿಮೆ ಕೇಳುತ್ತಿತ್ತು. ಮೊದಲ ಅಪಘಾತದಲ್ಲಿ ಸತ್ತವರಿಗೆ, ಕೈಕಾಲು ಕಳೆದುಕೊಂಡವರಿಗೆ ಅದರಿಂದ ಚಿಕ್ಕಾಸೂ ಸಿಗುತ್ತಿರಲಿಲ್ಲ. ಈ ಕಿಂಡಿ ಮುಚ್ಚುವ ಮೊದಲ ಯತ್ನ ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್ ಎಂಬ ಕಾರು ಮಾಲೀಕರ ಸಂಘದಿಂದ ಬಂತು. 1920ರ ದಶಕದ ಕೊನೆಗೆ ಅದು ರೂಪಿಸಿದ ಮಾದರಿ ಮಸೂದೆಯಲ್ಲಿ ಹೊಸದೊಂದು ಅಂಶ ಸೇರಿತ್ತು: ಅಪಘಾತದ ಪರಿಹಾರಕ್ಕೆ ಕೋರ್ಟು ಕೊಟ್ಟ ಡಿಕ್ರಿಯ ಹಣವನ್ನು ಚಾಲಕ ಕಟ್ಟದಿದ್ದರೆ, ಕಟ್ಟುವ ತನಕ ಅವನ ಲೈಸೆನ್ಸು ಅಮಾನತು. ಸುರಕ್ಷತೆ ಮತ್ತು ಹೊಣೆಗಾರಿಕೆ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡ ಈ ಮಸೂದೆಯನ್ನು ಅನೇಕ ರಾಜ್ಯಗಳು ಒಪ್ಪಿದವು. ಚೆನ್ನಾಗಿ ಓಡಿಸಲು ಬಾರದವನನ್ನು ರಸ್ತೆಯಿಂದ ಇಳಿಸಲು ಇದ್ದ ಅಮಾನತು ಸಾಲ ವಸೂಲಿಯ ಉಪಾಯವಾದದ್ದು ಇಲ್ಲಿಂದ. ಈ ತಿರುವು ಆಗ ಹೆಚ್ಚು ಚರ್ಚೆಯಾಗದೆ ಹೋದದ್ದು ದೊಡ್ಡ ದುರದೃಷ್ಟ. ಮುಂದಿನ ತೊಡಕುಗಳೆಲ್ಲ ಇದರಿಂದಲೇ ಕವಲೊಡೆದವು.

ಎಲ್ಲರೂ ಈ ಜಾಡಿನಲ್ಲೇ ಯೋಚಿಸುತ್ತಿದ್ದರೆಂದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅಪಘಾತ ಪರಿಹಾರವನ್ನು ಅಧ್ಯಯನ ಮಾಡಿದ ಸಮಿತಿಯೊಂದು 1932ರಲ್ಲಿ ವರದಿ ಕೊಟ್ಟು, ಕಾರ್ಖಾನೆಯಲ್ಲಿ ಗಾಯಗೊಂಡ ಕಾರ್ಮಿಕನಿಗೆ ಸಿಗುವಂತೆ ರಸ್ತೆಯಲ್ಲಿ ಗಾಯಗೊಂಡವರಿಗೂ ತಪ್ಪು ಯಾರದೆಂದು ಕೇಳದೆ ಪರಿಹಾರ ಸಿಗಲಿ, ಅದಕ್ಕೆ ವಿಮೆ ಕಡ್ಡಾಯವಾಗಲಿ ಎಂದಿತು. ಅಮೆರಿಕದ ಶಾಸನಸಭೆಗಳು ಅದನ್ನು ಬದಿಗಿಟ್ಟವು. ಆ ವಿಚಾರ ಮೊದಲು ಚಿಗುರಿದ್ದು ಕೆನಡಾದಲ್ಲಿ. 1946ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯ ಇಂಥದ್ದೇ ವಿಮೆಯನ್ನು ಸರ್ಕಾರದ ವತಿಯಿಂದಲೇ ಆರಂಭಿಸಿತು.

1937ರಲ್ಲಿ ನ್ಯೂ ಹ್ಯಾಂಪ್‌ಶೈರ್ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು. ಅದರ ಪ್ರಕಾರ ಡಿಕ್ರಿಯವರೆಗೂ ಕಾಯಬೇಕಿರಲಿಲ್ಲ. ಅಪಘಾತವಾದ ಕೂಡಲೇ, ವಿಮೆ ಇಲ್ಲದ ಚಾಲಕ ಎದುರಿನವರ ನಷ್ಟಕ್ಕೆ ಸಾಕಾಗುವಷ್ಟು ಠೇವಣಿ ಇಡಬೇಕು, ಇಲ್ಲವೇ ಲೈಸೆನ್ಸು ಮತ್ತು ನೋಂದಣಿ ಎರಡನ್ನೂ ಒಪ್ಪಿಸಬೇಕು. ನ್ಯೂಯಾರ್ಕ್ 1942ರ ಮೊದಲ ದಿನದಿಂದ ಈ ಬಗೆಯ ಕಾನೂನನ್ನು ಜಾರಿಗೆ ತಂದಿತು. ಯುದ್ಧ ಮುಗಿದ ಮೇಲೆ ಬಹುತೇಕ ರಾಜ್ಯಗಳು ಹಿಂಬಾಲಿಸಿದವು. ವಿಮೆ ಕಡ್ಡಾಯವಲ್ಲ ಎನ್ನುತ್ತಲೇ ವಿಮೆ ಇಲ್ಲದವನನ್ನು ಇಕ್ಕಟ್ಟಿಗೆ ಸಿಕ್ಕಿಸುವ ಉಪಾಯ ಇದು. ಅದು ಫಲಿಸಿತು ಎನ್ನಬೇಕು. ಸ್ವಲ್ಪ ಅನುಕೂಲ ಇದ್ದವರೆಲ್ಲ ವಿಮೆ ಮಾಡಿಸತೊಡಗಿದರು.

ಅಷ್ಟಾಗುವಾಗ ಇನ್ನೊಂದು ಕಗ್ಗಂಟು ತಲೆಯೆತ್ತಿತ್ತು. ಲೈಸೆನ್ಸು ಬೇಕಾದರೆ ವಿಮೆ ತಾ ಎಂದು ಸರ್ಕಾರ ಹೇಳುತ್ತದೆ. ಅಮಾನತಾದವನಿಗೆ ಪಾಲಿಸಿ ಕೊಡುವುದಿಲ್ಲ ಎಂದು ಕಂಪನಿ ಹೇಳುತ್ತದೆ. ವಿಮೆ ಯಾರಿಗೆ ಅತ್ಯಗತ್ಯವೆಂದು ಕಾನೂನು ಬಗೆದಿತ್ತೋ ಅವರಿಗೇ ಅದು ಮಾರುಕಟ್ಟೆಯಲ್ಲಿ ಸಿಗದಾಯಿತು. ಇದಕ್ಕೆ ದಾರಿ ತೋರಿದ್ದೂ ನ್ಯೂ ಹ್ಯಾಂಪ್‌ಶೈರೇ. 1938ರಲ್ಲಿ ಅಲ್ಲಿ ಮೊದಲ ಹಂಚಿಕೆ ಯೋಜನೆ ಹುಟ್ಟಿತು. ಎಲ್ಲ ಕಡೆ ನಿರಾಕರಣೆಗೆ ಒಳಗಾದ ಚಾಲಕ ಯೋಜನೆಯ ಕಚೇರಿಗೆ ಅರ್ಜಿ ಹಾಕುತ್ತಾನೆ. ಕಚೇರಿ ಅವನನ್ನು ಯಾವುದಾದರೂ ಒಂದು ಕಂಪನಿಯ ಪಾಲಿಗೆ ಹಂಚುತ್ತದೆ. ಆ ಕಂಪನಿ ಕನಿಷ್ಠ ಮಟ್ಟದ ಪಾಲಿಸಿಯನ್ನು ಹೆಚ್ಚಿನ ದರಕ್ಕಾದರೂ ಕೊಡಲೇಬೇಕು. ರಾಜ್ಯದ ಒಟ್ಟು ವ್ಯವಹಾರದಲ್ಲಿ ಯಾವ ಕಂಪನಿಗೆ ಎಷ್ಟು ಪಾಲಿದೆಯೋ, ಇಂಥ ಚಾಲಕರಲ್ಲೂ ಅದಕ್ಕೆ ಅಷ್ಟೇ ಪಾಲು. ಊರಿನ ಕೆರೆಯ ಹೂಳೆತ್ತುವಾಗ ಯಾರಿಗೆ ಎಷ್ಟು ಗದ್ದೆಯೋ ಅಷ್ಟು ಆಳು ಕಳಿಸಬೇಕೆಂಬ ಕಟ್ಟಳೆಯ ನ್ಯಾಯವೇ ಇಲ್ಲೂ ಇತ್ತು.

ಮೊದಲು ಕಂಪನಿಗಳು ತಾವಾಗಿ ಒಪ್ಪಿ ನಡೆಸಿದ ಇಂಥ ಯೋಜನೆಗಳು ಎಲ್ಲ ಕಡೆ ಸಾಕಾಗಲಿಲ್ಲ. ಕ್ಯಾಲಿಫೋರ್ನಿಯಾ 1947ರಲ್ಲಿ ಕಾನೂನಿನ ಮೂಲಕವೇ ಹಂಚಿಕೆಯನ್ನು ಕಡ್ಡಾಯ ಮಾಡಿತು. ತನ್ನ ಸದಸ್ಯರಿಗಷ್ಟೇ ವಿಮೆ ಮಾಡುತ್ತಿದ್ದ ವಾಹನ ಮಾಲೀಕರ ಸಂಸ್ಥೆಯೊಂದು, ಬೇಡದ ಗಿರಾಕಿಯನ್ನು ಹೊರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1951ರಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ತೀರ್ಪು ರಾಜ್ಯದ ಪರವಾಗಿ ಬಂತು: ರಸ್ತೆಯ ಅಪಾಯವನ್ನು ಎಲ್ಲ ವಿಮೆಗಾರರೂ ಹಂಚಿಕೊಳ್ಳಬೇಕೆಂದು ವಿಧಿಸಲು ರಾಜ್ಯಕ್ಕೆ ಅಧಿಕಾರವಿದೆ. ಲೈಸೆನ್ಸು ಅಮಾನತಾದವರಿಗೆ ಇಂದಿಗೂ ಕೊನೆಯ ಬಾಗಿಲಾಗಿ ಉಳಿದಿರುವ ಹಂಚಿಕೆ ಯೋಜನೆಗಳಿಗೆ ಈ ತೀರ್ಪು ಗಟ್ಟಿ ಬುನಾದಿ ಹಾಕಿತು.

ಇನ್ನೊಂದು ಕಡೆ ವ್ಯಾಪಾರಿಗಳು ಇದರಲ್ಲೇ ಲಾಭದ ದಾರಿ ಕಂಡರು. ಆ ಕಾಲದ ದೊಡ್ಡ ಕಂಪನಿಗಳು ಬೆಳೆದದ್ದು ಒಳ್ಳೆಯ ಗಿರಾಕಿಗಳನ್ನು ಆರಿಸಿಕೊಂಡು. 1922ರಲ್ಲಿ ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಜಾರ್ಜ್ ಮೆಖರ್ಲ್ ಎಂಬ ರೈತ ಕಟ್ಟಿದ ಸ್ಟೇಟ್ ಫಾರ್ಮ್ ಹಳ್ಳಿಯ ರೈತರಿಗೆ ವಿಮೆ ಮಾಡುತ್ತಿತ್ತು. ಪೇಟೆಯವರಿಗಿಂತ ರೈತರು ಕಾರು ಓಡಿಸುವುದು ಕಡಿಮೆ, ಆದ್ದರಿಂದ ಅವರಿಗೆ ದರವೂ ಕಡಿಮೆ ಇರಬೇಕು ಎಂಬುದು ಮೆಖರ್ಲ್ ಅವರ ವಾದ. 1936ರಲ್ಲಿ ಲಿಯೋ ಗುಡ್‌ವಿನ್ ಟೆಕ್ಸಸ್‌ನಲ್ಲಿ ಆರಂಭಿಸಿದ ಗೈಕೋ ಸರ್ಕಾರಿ ನೌಕರರನ್ನು, ಸೈನಿಕರನ್ನು ಆರಿಸಿಕೊಂಡಿತು. 1937ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜೋಸೆಫ್ ಲೂಯಿಸ್ ಮತ್ತು ಜ್ಯಾಕ್ ಗ್ರೀನ್ ಕಟ್ಟಿದ ಪ್ರೋಗ್ರೆಸಿವ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 1956ರಲ್ಲಿ ಅದು ಉಳಿದವರು ತಳ್ಳಿಹಾಕಿದ ಅಪಾಯದ ಚಾಲಕರಿಗೆಂದೇ ಪ್ರತ್ಯೇಕ ಕಂಪನಿ ತೆರೆಯಿತು. ಅಪಾಯವನ್ನು ಸೂಕ್ಷ್ಮವಾಗಿ ಅಳೆದು ತಕ್ಕ ಬೆಲೆ ಕಟ್ಟಿದರೆ ಬೇಡವಾದ ಗಿರಾಕಿ ಎಂಬವನೇ ಇರುವುದಿಲ್ಲ ಎಂಬ ಲೆಕ್ಕಾಚಾರ ಅದನ್ನು ದೇಶದ ಅತಿ ದೊಡ್ಡ ಕಾರು ವಿಮಾ ಕಂಪನಿಗಳ ಸಾಲಿಗೆ ಏರಿಸಿತು.

ಈ ಮಾರುಕಟ್ಟೆಗೆ ಇಳಿದವರೆಲ್ಲ ಅಷ್ಟು ಲೆಕ್ಕ ಬಲ್ಲವರಾಗಿರಲಿಲ್ಲ, ಅಷ್ಟು ಪ್ರಾಮಾಣಿಕರೂ ಅಲ್ಲ. 1960ರ ದಶಕದಲ್ಲಿ ಅಪಾಯದ ಚಾಲಕರನ್ನೇ ನಂಬಿದ್ದ ಹಲವು ಸಣ್ಣ ಕಂಪನಿಗಳು ದಿವಾಳಿಯೆದ್ದವು. ದುಬಾರಿ ಪ್ರೀಮಿಯಂ ಕಟ್ಟಿದವರು ಬರಿಗೈಯಾದರು. ಅವರ ಕಾರಿಗೆ ಸಿಕ್ಕಿ ಗಾಯಗೊಂಡವರು ಮತ್ತೆ 1920ರ ಸ್ಥಿತಿಗೇ ಬಂದು ನಿಂತರು. ಈ ಹಗರಣಗಳು ಸೆನೆಟ್ಟಿನ ವಿಚಾರಣೆಗೂ ಬಂದವು. 1969ರಲ್ಲಿ ರಾಜ್ಯಗಳ ವಿಮಾ ಆಯುಕ್ತರ ರಾಷ್ಟ್ರೀಯ ಸಂಘ ಮಾದರಿ ಕಾನೂನೊಂದನ್ನು ರೂಪಿಸಿತು. ಕಂಪನಿ ಮುಳುಗಿದರೆ ಉಳಿದ ಕಂಪನಿಗಳು ಸೇರಿ ಅದರ ಕ್ಲೇಮುಗಳನ್ನು ತೀರಿಸುವ ಖಾತರಿ ನಿಧಿಗಳು ರಾಜ್ಯದಿಂದ ರಾಜ್ಯಕ್ಕೆ ಹುಟ್ಟಿಕೊಂಡವು.

ಎಸ್‌ಆರ್-22 ಎಂಬ ಕಾಗದವನ್ನು ಹತ್ತಿರದಿಂದ ನೋಡಿದರೆ ಈ ಇತಿಹಾಸದ ಪದರಗಳೆಲ್ಲ ಅದರಲ್ಲಿ ಕಾಣುತ್ತವೆ. ಒಂದೇ ಪುಟದ ನಮೂನೆ. ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ, ಪಾಲಿಸಿ ಸಂಖ್ಯೆ, ಪಾಲಿಸಿ ಜಾರಿಗೆ ಬಂದ ದಿನ, ಕಂಪನಿಯ ಅಧಿಕೃತ ಪ್ರತಿನಿಧಿಯ ಸಹಿ. ನಡುವೆ ಗುರುತು ಹಾಕಲು ಎರಡು ಚೌಕಗಳು. ಒಂದು ಮಾಲೀಕನ ಪಾಲಿಸಿ: ಅದರಲ್ಲಿ ಕಾರಿನ ವಿವರವೂ ಇರುತ್ತದೆ. ಇನ್ನೊಂದು ಚಾಲಕನ ಪಾಲಿಸಿ: ಸ್ವಂತ ಕಾರಿಲ್ಲದವನಿಗೆ, ಅವನು ಬೇರೆಯವರ ಕಾರು ಓಡಿಸಿದಾಗ ಅನ್ವಯಿಸುವಂಥದ್ದು. ಕಾರು ಮಾರಿಬಿಟ್ಟವನೂ ಲೈಸೆನ್ಸು ಮರಳಿ ಬೇಕೆಂದರೆ ಈ ಎರಡನೆಯದನ್ನು ಕೊಳ್ಳಲೇಬೇಕು. ಇದರ ಜೋಡಿ ನಮೂನೆ ಎಸ್‌ಆರ್-26. ಕಂತು ತಪ್ಪಿ ಪಾಲಿಸಿ ಲ್ಯಾಪ್ಸ್ ಆದರೆ ಕಂಪನಿ ಇದನ್ನು ಇಲಾಖೆಗೆ ಕಳಿಸುತ್ತದೆ, ಇಲಾಖೆ ಲೈಸೆನ್ಸನ್ನು ಮತ್ತೆ ಅಮಾನತು ಮಾಡುತ್ತದೆ. ಸಾಮಾನ್ಯವಾಗಿ ಮೂರು ವರ್ಷ ಈ ಕಾಗದ ಚಾಲ್ತಿಯಲ್ಲಿರಬೇಕು. ನಡುವೆ ತಪ್ಪಿದರೆ ಹಲವು ರಾಜ್ಯಗಳಲ್ಲಿ ಎಣಿಕೆ ಮೊದಲಿಂದ ಶುರುವಾಗುತ್ತದೆ. ಕಾಗದ ಸಲ್ಲಿಸಲು ಕಂಪನಿ ಕೇಳುವ ಶುಲ್ಕ ಅಲ್ಪ. ನಿಜವಾದ ಭಾರ ಪ್ರೀಮಿಯಮ್ಮಿನಲ್ಲಿರುತ್ತದೆ, ಏಕೆಂದರೆ ಈ ಕಾಗದ ಕೇಳಿಕೊಂಡು ಬಂದವನ ಹಿನ್ನೆಲೆ ಏಜೆಂಟನಿಗೆ ಆ ಕ್ಷಣವೇ ತಿಳಿದುಬಿಡುತ್ತದೆ.

ಎಲ್ಲ ರಾಜ್ಯಗಳಲ್ಲೂ ಈ ಪದ್ಧತಿ ಇಲ್ಲ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮಿನ್ನೆಸೋಟ ಮುಂತಾದ ಕೆಲವು ರಾಜ್ಯಗಳು ಎಸ್‌ಆರ್-22 ಕೇಳುವುದಿಲ್ಲ. ಎಲ್ಲರಿಗೂ ವಿಮೆ ಕಡ್ಡಾಯವಾದ ಮೇಲೆ ಕೆಲವರಿಂದ ಮಾತ್ರ ಪ್ರಮಾಣಪತ್ರ ಕೇಳುವುದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ನ್ಯೂಯಾರ್ಕಿನಲ್ಲಿ 1957ರಲ್ಲಿ, ಉತ್ತರ ಕ್ಯಾರೊಲಿನಾದಲ್ಲಿ ಮರುವರ್ಷ ವಿಮೆ ಕಡ್ಡಾಯವಾಯಿತು. 1970ರ ದಶಕದಲ್ಲಿ ಆ ಅಲೆ ದೇಶವನ್ನೆಲ್ಲ ಹಬ್ಬಿತು. ನ್ಯೂ ಹ್ಯಾಂಪ್‌ಶೈರ್ ಮಾತ್ರ ಇಂದಿಗೂ ಎಲ್ಲರಿಗೂ ವಿಮೆ ಕಡ್ಡಾಯ ಮಾಡಿಲ್ಲ. ತಪ್ಪು ಮಾಡಿದವರಿಂದ ಮಾತ್ರ ಕೇಳುವ ಹಳೆಯ ಪದ್ಧತಿ ಅಲ್ಲಿ ಉಳಿದುಕೊಂಡಿದೆ. ವರ್ಜೀನಿಯಾದಲ್ಲಿ ವಿಮೆ ಬೇಡವೆಂದವರು ವರ್ಷಕ್ಕೆ 500 ಡಾಲರ್ ಶುಲ್ಕ ಕಟ್ಟಿ ಕಾರು ಇಟ್ಟುಕೊಳ್ಳಬಹುದಿತ್ತು, ಆ ಅವಕಾಶ 2024ರ ಜುಲೈ 1ರಂದು ಕೊನೆಗೊಂಡಿತು. ಉಳಿದೆಡೆ ಎಸ್‌ಆರ್-22 ತನ್ನ ಮೊದಲ ಉದ್ದೇಶ ಕಳೆದುಕೊಂಡು, ನಂಬಿಕೆಗೆ ಎರವಾದ ಚಾಲಕನ ಮೇಲೆ ಕಣ್ಣಿಡುವ ಸಾಧನವಾಗಿ ಮುಂದುವರಿಯಿತು.

ಠೇವಣಿ ಇಡು, ಇಲ್ಲವೇ ಲೈಸೆನ್ಸು ಒಪ್ಪಿಸು ಎಂಬ ಕಾನೂನು ಎಷ್ಟು ಕಠೋರವಾಗಬಲ್ಲದು ಎಂಬುದು ಜಾರ್ಜಿಯಾದ ಒಂದು ಪ್ರಕರಣದಲ್ಲಿ ಬಯಲಾಯಿತು. ಅಲ್ಲಿನ ಒಬ್ಬ ಪಾದ್ರಿ ಮೂರು ಹಳ್ಳಿಗಾಡಿನ ಸಮುದಾಯಗಳ ಸೇವೆ ನೋಡಿಕೊಳ್ಳುತ್ತಿದ್ದರು. ಕಾರಿಲ್ಲದೆ ಆ ಕೆಲಸ ಸಾಗುತ್ತಿರಲಿಲ್ಲ. 1968ರ ನವೆಂಬರ್ 24, ಭಾನುವಾರ ಮಧ್ಯಾಹ್ನ, ಐದು ವರ್ಷದ ಹುಡುಗಿಯೊಬ್ಬಳು ಸೈಕಲ್ ಓಡಿಸಿಕೊಂಡು ಬಂದು ಅವರ ಕಾರಿನ ಪಕ್ಕಕ್ಕೆ ಗುದ್ದಿದಳು. ಪಾದ್ರಿಗೆ ವಿಮೆ ಇರಲಿಲ್ಲ. ಹುಡುಗಿಯ ತಂದೆತಾಯಿ 5,000 ಡಾಲರ್ ಕೇಳಿದರು. ಅಷ್ಟು ಹಣವನ್ನು ಠೇವಣಿ ಇಡಬೇಕು, ಇಲ್ಲವೇ ಲೈಸೆನ್ಸು ಹೋಗುತ್ತದೆ ಎಂದು ಇಲಾಖೆ ನೋಟಿಸು ಕೊಟ್ಟಿತು. ತಪ್ಪು ತಮ್ಮದಲ್ಲ, ಅಪಘಾತ ತಪ್ಪಿಸಲು ಸಾಧ್ಯವಿರಲಿಲ್ಲ ಎಂದು ಪಾದ್ರಿ ವಿಚಾರಣೆ ಕೋರಿದರು. ವಿಚಾರಣೆಯೇನೋ ನಡೆಯಿತು, ಆದರೆ ತಪ್ಪು ಯಾರದು ಎಂಬ ಪ್ರಶ್ನೆಯೇ ಇಲ್ಲಿ ಅಪ್ರಸ್ತುತ ಎಂದು ಅಧಿಕಾರಿಗಳು ಆ ಸಾಕ್ಷ್ಯವನ್ನು ಮುಟ್ಟಲಿಲ್ಲ. ವಿಮೆ ಇತ್ತೇ ಇಲ್ಲವೇ ಎಂಬುದೊಂದೇ ಅವರಿಗೆ ಬೇಕಾದದ್ದು. ಬೆಲ್ ವಿರುದ್ಧ ಬರ್ಸನ್ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1971ರ ಮೇ 24ರಂದು ಪಾದ್ರಿಯ ಪರವಾಗಿ ತೀರ್ಪಿತ್ತಿತು. ಒಮ್ಮೆ ಕೊಟ್ಟ ಲೈಸೆನ್ಸು ಬದುಕಿನ ಆಧಾರವಾಗಿರಬಹುದು. ಹೊಣೆ ಹೊರಬೇಕಾಗಿ ಬರುವ ಸಾಧ್ಯತೆಯಾದರೂ ಇದೆಯೇ ಎಂದು ನೋಡದೆ ಅದನ್ನು ಕಸಿಯುವಂತಿಲ್ಲ ಎಂದು ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಬರೆದರು. ಲೈಸೆನ್ಸನ್ನು ಸರ್ಕಾರದ ಕೃಪೆ ಎಂದಷ್ಟೇ ನೋಡುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಈ ಇತಿಹಾಸದಲ್ಲಿ ಸಾಮಾನ್ಯ ಚಾಲಕನ ಪಾಲಿಗೆ ಇದಕ್ಕಿಂತ ದೊಡ್ಡ ತೀರ್ಪು ಬೇರೊಂದಿಲ್ಲ.

ಕೆಲವೇ ದಿನಗಳ ಅಂತರದಲ್ಲಿ, ಜೂನ್ 1ರಂದು, ಅದೇ ಕೋರ್ಟು ಅರಿಜೋನಾದ ಪೆರೆಜ್ ಪ್ರಕರಣದಲ್ಲಿ ಇನ್ನೊಂದು ಗಂಟು ಸಡಿಲಿಸಿತು. ದಿವಾಳಿ ಘೋಷಿಸಿಕೊಂಡು ಅಪಘಾತದ ಡಿಕ್ರಿಯಿಂದ ಕಾನೂನುಬದ್ಧವಾಗಿ ಬಿಡುಗಡೆಯಾದವನ ಲೈಸೆನ್ಸನ್ನು ಆ ಹಳೆಯ ಬಾಕಿಯ ನೆಪದಲ್ಲಿ ತಡೆಹಿಡಿಯುವಂತಿಲ್ಲ ಎಂದಿತು. 1941ರಲ್ಲಿ ನ್ಯೂಯಾರ್ಕಿನ ಮೊಕದ್ದಮೆಯಲ್ಲೂ 1962ರಲ್ಲಿ ಯೂಟಾದ ಮೊಕದ್ದಮೆಯಲ್ಲೂ ಕೋರ್ಟು ಇದಕ್ಕೆ ವಿರುದ್ಧವಾದ ನಿಲುವು ತಳೆದಿತ್ತು. ಈ ಬಾರಿ ಅದು ಮನಸ್ಸು ಬದಲಿಸಿದ್ದು ಐದಕ್ಕೆ ನಾಲ್ಕರ ಅಂತರದಲ್ಲಿ.

1980ರ ದಶಕದಲ್ಲಿ ಗಾಳಿ ಮತ್ತೆ ತಿರುಗಿತು, ಅದಕ್ಕೆ ನ್ಯಾಯವಾದ ಕಾರಣವೂ ಇತ್ತು. ಕುಡಿದ ಚಾಲಕನ ಕಾರಿಗೆ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ತಾಯಂದಿರ ಸಂಘಟನೆ ದೇಶದ ಮನಸ್ಸನ್ನು ಕಲಕಿತು. ಉಸಿರಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಕೂಡಲೇ, ಕೋರ್ಟಿನ ತೀರ್ಪಿಗೆ ಕಾಯದೆ ಲೈಸೆನ್ಸು ಅಮಾನತು ಮಾಡುವ ಪದ್ಧತಿ 1976ರಲ್ಲಿ ಮಿನ್ನೆಸೋಟದಲ್ಲಿ ಶುರುವಾಗಿತ್ತು; ಅದು ಈಗ ಬೇಗಬೇಗ ಹರಡಿತು. ಒಂದು ರಾಜ್ಯದಲ್ಲಿ ಲೈಸೆನ್ಸು ಹೋದವನು ಪಕ್ಕದ ರಾಜ್ಯದಲ್ಲಿ ಹೊಸದು ಮಾಡಿಸಿಕೊಳ್ಳದಂತೆ ತಡೆಯಲು 1960ರಲ್ಲೇ ರಾಷ್ಟ್ರೀಯ ಚಾಲಕರ ದಾಖಲೆ ಆರಂಭವಾಗಿತ್ತು. ಕುಡಿದವನ ಉಸಿರು ತಾಗಿದರೆ ಕಾರು ಸ್ಟಾರ್ಟೇ ಆಗದ ಸಾಧನವನ್ನು ಅಳವಡಿಸುವಂತೆ ಆದೇಶಿಸಲು 1986ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ವಿಮೆಯ ಕಡೆಯಿಂದ ಬಂದ ದೊಡ್ಡ ಬಿಗಿತ ಎಫ್‌ಆರ್-44 ಎಂಬ ಪ್ರಮಾಣಪತ್ರ. ಫ್ಲೋರಿಡಾ 2007ರ ಅಕ್ಟೋಬರಿನಿಂದ, ವರ್ಜೀನಿಯಾ 2008ರಿಂದ ಕುಡಿದು ಓಡಿಸಿದವರಿಗೆ ಎಸ್‌ಆರ್-22 ಸಾಲದು ಎಂದವು. ಫ್ಲೋರಿಡಾದಲ್ಲಿ ಅಂಥವರು ಒಬ್ಬ ಗಾಯಾಳುವಿಗೆ 1,00,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 3,00,000 ಡಾಲರ್, ಆಸ್ತಿ ನಷ್ಟಕ್ಕೆ 50,000 ಡಾಲರ್ ಹೊಣೆಯ ವಿಮೆ ಇಟ್ಟುಕೊಳ್ಳಬೇಕು. ಕುಡಿದು ಓಡಿಸಿದವನಿಂದ ನೊಂದವರಿಗೆ ದೊಡ್ಡ ಮೊತ್ತ ಸಿಗಬೇಕೆಂಬ ಈ ಬೇಡಿಕೆಯಲ್ಲಿ 1925ರ ಮೂಲ ಉದ್ದೇಶ ಮತ್ತೆ ಸ್ಪಷ್ಟವಾಗಿ ಕಾಣುತ್ತದೆ.

ಅದೇ ಕಾಲದಲ್ಲಿ ಅಮಾನತು ರಸ್ತೆಗೆ ಸಂಬಂಧವೇ ಇಲ್ಲದ ವಿಷಯಗಳಿಗೂ ಕೈಚಾಚಿತು. ಮಾದಕ ವಸ್ತುವಿನ ಅಪರಾಧಕ್ಕೆ, ಅದು ಕಾರಿನ ಹತ್ತಿರ ನಡೆಯದಿದ್ದರೂ, ಆರು ತಿಂಗಳ ಅಮಾನತು ವಿಧಿಸುವಂತೆ ಒಕ್ಕೂಟ ಸರ್ಕಾರ 1990ರ ದಶಕದ ಆರಂಭದಲ್ಲಿ ರಾಜ್ಯಗಳ ಮೇಲೆ ಒತ್ತಡ ತಂದಿತು. 1996ರ ಕಲ್ಯಾಣ ಕಾನೂನು ಮಕ್ಕಳ ಜೀವನಾಂಶ ಬಾಕಿ ಉಳಿಸಿಕೊಂಡವರ ಲೈಸೆನ್ಸು ತಡೆಯುವ ಅಧಿಕಾರವನ್ನು ರಾಜ್ಯಗಳು ಇಟ್ಟುಕೊಳ್ಳಬೇಕೆಂದಿತು. ಕೋರ್ಟಿನ ದಂಡ ಕಟ್ಟದಿದ್ದರೂ ಅಮಾನತಾಗುವುದು ಮಾಮೂಲಿಯಾಯಿತು. ಟೆಕ್ಸಸ್ 2003ರಲ್ಲಿ ತಂದ ಯೋಜನೆಯಲ್ಲಿ, ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದವನು ಕೋರ್ಟಿನ ದಂಡದ ಮೇಲೆ ಮೂರು ವರ್ಷ ವರ್ಷಕ್ಕೆ 250 ಡಾಲರ್ ಹೆಚ್ಚುವರಿ ಶುಲ್ಕ ತೆರಬೇಕಿತ್ತು, ತೆರದಿದ್ದರೆ ಲೈಸೆನ್ಸು ಅಮಾನತು. ವಿಮೆಯ ಕಂತಿಗೇ ಹಣವಿಲ್ಲದವನು ಈ ಶುಲ್ಕವನ್ನು ಎಲ್ಲಿಂದ ತರಬೇಕು? ಅಮೆರಿಕದ ಅನೇಕ ಊರುಗಳಲ್ಲಿ ಬಸ್ಸಿಲ್ಲ. ಕೆಲಸಕ್ಕೆ ಹೋಗಲು ಕಾರೇ ಗತಿ. ಅಮಾನತಿನಲ್ಲೇ ಓಡಿಸಿ ಸಿಕ್ಕಿಬಿದ್ದರೆ ಹೊಸ ದಂಡ, ಹೊಸ ಅಮಾನತು, ಇನ್ನಷ್ಟು ದುಬಾರಿ ವಿಮೆ.

ಇಂಥ ಕಾನೂನುಗಳಿಂದ ಲಕ್ಷಗಟ್ಟಲೆ ಜನ ಲೈಸೆನ್ಸು ಕಳೆದುಕೊಂಡ ಮೇಲೆ ರಾಜ್ಯಗಳು ಹಿಂದೆ ಸರಿಯತೊಡಗಿದವು. ದಂಡ ಬಾಕಿಗಾಗಿ ಅಮಾನತು ಮಾಡುವುದನ್ನು ಕ್ಯಾಲಿಫೋರ್ನಿಯಾ 2017ರಲ್ಲಿ ನಿಲ್ಲಿಸಿತು. ಚಾಲಕರ ಮೇಲಿನ ಹೆಚ್ಚುವರಿ ಶುಲ್ಕವನ್ನು ಮಿಷಿಗನ್ 2018ರಲ್ಲಿ, ಟೆಕ್ಸಸ್ 2019ರಲ್ಲಿ ಕೈಬಿಟ್ಟವು. ಕುಡಿದು ಓಡಿಸಿದ್ದಕ್ಕೆ, ವಿಮೆ ಇಲ್ಲದೆ ಅಪಘಾತ ಮಾಡಿದ್ದಕ್ಕೆ ಆಗುವ ಅಮಾನತು ಎಲ್ಲೆಡೆ ಹಾಗೆಯೇ ಉಳಿದಿದೆ, ಉಳಿಯಬೇಕಾದದ್ದೂ ಸರಿ.

ಭಾರತದಲ್ಲಿ ಈ ನಂಟು ಬೇರೆ ರೂಪದ್ದು, ಏಕೆಂದರೆ ಇಲ್ಲಿನ ಕಾನೂನು ಬಂದದ್ದು ಬ್ರಿಟನ್ನಿನಿಂದ. ಮೂರನೇ ವ್ಯಕ್ತಿಯ ವಿಮೆಯನ್ನು ಬ್ರಿಟನ್ 1930ರ ಕಾಯ್ದೆಯಿಂದ ಎಲ್ಲ ವಾಹನಗಳಿಗೂ ಕಡ್ಡಾಯ ಮಾಡಿತ್ತು. ಭಾರತದ 1939ರ ಮೋಟಾರು ವಾಹನ ಕಾಯ್ದೆ ಅದೇ ಜಾಡಿನಲ್ಲಿ ಸಾಗಿತು. ಅದರ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂತು. ಇಲ್ಲಿ ವಿಮೆ ಕಟ್ಟಿಕೊಂಡಿರುವುದು ವಾಹನಕ್ಕೆ. ಲೈಸೆನ್ಸು ಅಮಾನತಾದ ಬೆಂಗಳೂರಿನ ಕಾರು ಮಾಲೀಕ ತನ್ನ ಕಾರಿನ ಪಾಲಿಸಿಯನ್ನು ನವೀಕರಿಸಬಹುದು, ನವೀಕರಿಸಲೂ ಬೇಕು. ತೊಡಕು ಬರುವುದು ಕ್ಲೇಮಿನಲ್ಲಿ. ಚಾಲ್ತಿಯಲ್ಲಿರುವ ಲೈಸೆನ್ಸು ಉಳ್ಳ, ಅನರ್ಹನಾಗಿರದ ಚಾಲಕನೇ ಓಡಿಸಬೇಕೆಂಬ ಷರತ್ತು ಪಾಲಿಸಿಯಲ್ಲಿ ಇರುತ್ತದೆ. ಅದನ್ನು ಮುರಿದಾಗ ಗಾಯಾಳುವಿನ ಗತಿಯೇನು ಎಂಬುದಕ್ಕೆ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಉತ್ತರಿಸಿತು. ಲೈಸೆನ್ಸು ಸರಿಯಿಲ್ಲ ಎಂದಷ್ಟೇ ಹೇಳಿ ಕಂಪನಿ ಕೈತೊಳೆದುಕೊಳ್ಳುವಂತಿಲ್ಲ. ಮಾಲೀಕನ ನಿರ್ಲಕ್ಷ್ಯವನ್ನೂ ಅದು ಸಾಬೀತು ಮಾಡಬೇಕು. ಮಾಡಿದರೂ ಗಾಯಾಳುವಿಗೆ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು ಎಂದಿತು. ನೊಂದವರನ್ನು ಮೊದಲ ಸಾಲಿನಲ್ಲಿ ನಿಲ್ಲಿಸುವ ವಿಷಯದಲ್ಲಿ ಈ ಪದ್ಧತಿ ಅಮೆರಿಕದ್ದಕ್ಕಿಂತ ನೇರವಾಗಿದೆ.

ಅಮೆರಿಕದಲ್ಲಿ ವಿಮೆಯ ದರ ಚಾಲಕನ ದಾಖಲೆಯನ್ನು ಹಿಂಬಾಲಿಸುತ್ತದೆ. ಇಲಾಖೆಯ ಕಡತದಿಂದ ಪ್ರತಿ ದಂಡ, ಪ್ರತಿ ಅಪಘಾತ, ಪ್ರತಿ ಅಮಾನತಿನ ವಿವರ ಕಂಪನಿಗೆ ಸಿಗುತ್ತದೆ. ಅಮಾನತಿನ ಅವಧಿಯಲ್ಲಿ ವಿಮೆ ಬಿಟ್ಟವನಿಗೆ ನಡುವೆ ಖಾಲಿ ಬಿದ್ದ ಆ ತಿಂಗಳುಗಳೇ ಮತ್ತೊಂದು ಕಪ್ಪುಚುಕ್ಕೆಯಾಗಿ ದರ ಏರುವುದುಂಟು. ಕ್ಯಾಲಿಫೋರ್ನಿಯಾದ ಮತದಾರರು 1988ರ ನವೆಂಬರಿನಲ್ಲಿ ಒಪ್ಪಿದ 103ನೇ ಪ್ರಸ್ತಾವ ಅಲ್ಲಿ ದರಕ್ಕೆ ಕ್ರಮ ಹಾಕಿಕೊಟ್ಟಿತು: ಮೊದಲು ಚಾಲನೆಯ ದಾಖಲೆ, ಆಮೇಲೆ ವರ್ಷಕ್ಕೆ ಓಡಿಸುವ ಮೈಲಿ, ಅನಂತರ ಅನುಭವದ ವರ್ಷಗಳು. ವಾಸದ ಬೀದಿಗಿಂತ ರಸ್ತೆಯ ಮೇಲಿನ ನಡತೆಗೆ ಹೆಚ್ಚು ತೂಕ ಕೊಟ್ಟ ಈ ಕ್ರಮದಲ್ಲಿ ಒಳ್ಳೆಯ ಚಾಲಕನಿಗೆ ರಿಯಾಯಿತಿಯೂ ಖಚಿತ. ಕುಡಿದು ಓಡಿಸಿ ಶಿಕ್ಷೆಯಾದವನ ಎಸ್‌ಆರ್-22 ಅಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ಆ ರಿಯಾಯಿತಿಗೆ ಅವನು ಮತ್ತೆ ಅರ್ಹನಾಗಲು ಹತ್ತು ವರ್ಷ ಕಾಯಬೇಕು.